ಬಾಣಂತಿ ಕೋಣೆ

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೇರಿಗಳನ್ನು ದಾಟಿ ಕೆರೆಯ ಕಡೆ ನಡೆದರೆ, ಹೊಂಗೆ ಮರಗಳ ನಡುವೆ ನಾಲ್ಕು ಉದ್ದನೆಯ ಹೆಂಚಿನ ಷೆಡ್ಡುಗಳು ಸಿಗುತ್ತಿದ್ದವು. ಅದೇ ಕೈಗಾರಿಕಾ ಶಾಲೆ. ಒಂದು ಷೆಡ್ಡಿನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದರು. ಇನ್ನೊಂದರಲ್ಲಿ ಮರಗೆಲಸ ಮತ್ತು ಮನೆಯ ಒಳಗಿನ ಸಜ್ಜು. ಮೂರನೆಯದರಲ್ಲಿ ಬೋರ್ಡಿನ ಅಕ್ಷರ ಮತ್ತು ಚಿತ್ರ. ನಾಲ್ಕನೆಯದಕ್ಕೆ ಸುತ್ತ ತಡಿಕೆ ಕಟ್ಟಿತ್ತು. ಅದು ಹೆಣ್ಣುಮಕ್ಕಳ ಹೊಲಿಗೆ ಮತ್ತು ಉಡುಪಿನ ವಿಭಾಗ. ವರ್ಷಕ್ಕೊಮ್ಮೆ, ಶಿವರಾತ್ರಿಗೆ ಮುಂಚೆ, ನಾಲ್ಕೂ ವಿಭಾಗದವರು ತಮ್ಮ ಕೆಲಸವನ್ನು ಊರಿಗೆ ತೋರಿಸಬೇಕಿತ್ತು. ನಕ್ಷೆಯವರು ರಟ್ಟಿನಲ್ಲಿ ಬಂಗಲೆ ಮಾಡಿ ಕೆಂಪು ಬಣ್ಣದ ಮಾಡು ಹೊದಿಸುತ್ತಿದ್ದರು. ಮರಗೆಲಸದವರು ಕೈಕುರ್ಚಿ, ಅಕ್ಷರದವರು ದೇವರ ಪಟ, ಹೊಲಿಗೆಯವರು ಫ್ರಾಕು. ಜನ ಬಂದು ನೋಡಿ ತಲೆದೂಗಿ ಹೋಗುತ್ತಿದ್ದರು.

೧೯೪೬ರ ಪ್ರದರ್ಶನದ ಹೊತ್ತಿಗೆ ಯಾವ ಷೆಡ್ಡಿನಲ್ಲೂ ಸಾಮಾನಿರಲಿಲ್ಲ. ಯುದ್ಧ ಮುಗಿದು ಐದು ತಿಂಗಳಾಗಿದ್ದರೂ ಸಿಮೆಂಟು ಕಣ್ಣಿಗೆ ಬಿದ್ದಿರಲಿಲ್ಲ; ಬಟ್ಟೆ ಇನ್ನೂ ಕಂಟ್ರೋಲಿನಲ್ಲೇ ಇತ್ತು; ಬಣ್ಣದ ಡಬ್ಬಿಗಳ ತಳ ಕೆರೆದಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೆಡ್ ಮೇಷ್ಟ್ರು ಗೋಪಾಲಪ್ಪನವರು ಎಲ್ಲರನ್ನೂ ಹೊಂಗೆ ಮರದ ಕೆಳಗೆ ಕೂರಿಸಿದರು. ಹೆಣ್ಣುಮಕ್ಕಳು ತಡಿಕೆಯ ಬಾಗಿಲಲ್ಲಿ ನಿಂತಿದ್ದರು.

"ನಾಲ್ಕು ಕಡೆ ನಾಲ್ಕು ಚೂರು ಇಡೋದು ಬೇಡ್ರಪ್ಪಾ," ಎಂದರು ಗೋಪಾಲಪ್ಪ. "ಇರೋ ಸಾಮಾನಲ್ಲಿ ಎಲ್ಲಾರೂ ಸೇರಿ ಒಂದು ಕೋಣೆ ಮಾಡಿ. ಗೋಡೆ ನಕ್ಷೆಯೋರ್ದು, ಮಂಚ ಬೀರು ಮರಗೆಲಸದೋರ್ದು, ಅಕ್ಷರ ಗಂಗಣ್ಣಂದು, ಬಟ್ಟೆ ಹೆಣ್ಮಕ್ಕಳದು. ಆಟದ ಸಾಮಾನಲ್ಲ, ನಿಜವಾದ ಅಳತೆ ಕೋಣೆ. ಜನ ಒಳಗೆ ಹೋಗಿ ನಿಂತ್ಕೋಬೇಕು. ಯಾವ ಕೋಣೆ ಅಂತ ನೀವೇ ಹೇಳಿ."

ಒಬ್ಬ ವಾಚನಾಲಯ ಎಂದ. ಮರಗೆಲಸದ ಮುನಿಸ್ವಾಮಿ ಸಾಹುಕಾರರ ಬೈಠಕ್ ಖಾನೆ ಎಂದ. ಇನ್ನೊಬ್ಬ ಮದುವೆ ಮನೆ ಎಂದು ಹೇಳಿ ಪಕ್ಕದವನ ಕೈಲಿ ಗುದ್ದಿಸಿಕೊಂಡ. ಹಿಂದೆ ಕೂತಿದ್ದ ನಕ್ಷೆ ವಿಭಾಗದ ಅಕ್ರಂ ಎದ್ದು ನಿಂತ. ಇಪ್ಪತ್ತು ವರ್ಷದ, ಮಾತು ಕಡಿಮೆಯ ಹುಡುಗ. ದೇವನಹಳ್ಳಿಯವನು, ಅವನ ತಂದೆ ಇಸ್ಹಾಕ್ ಸಾಹೇಬರು ಜಟಕಾಗಾಡಿಗಳ ಮೇಲೆ ಹೊದಿಸುವ ಕ್ಯಾನ್ವಾಸಿನ ಹುಡ್ಡು ಹೊಲಿಯುತ್ತಿದ್ದರು.

"ಬಾಣಂತಿ ಕೋಣೆ ಮಾಡೋಣ ಸಾರ್," ಎಂದ.

ಹುಡುಗರು ಗೊಳ್ಳೆಂದು ನಕ್ಕರು. ಗಂಡಸರು ಹೆಜ್ಜೆಯಿಡದ ಕೋಣೆ ಅದು. ಅದರ ನಕ್ಷೆ ಬರೆಯುವುದೆಂದರೇನು? ಗೋಪಾಲಪ್ಪ ನಗಲಿಲ್ಲ. ತಡಿಕೆಯ ಬಾಗಿಲಲ್ಲಿ ನಿಂತಿದ್ದ ಮುನಿರತ್ನಮ್ಮನೂ ನಗಲಿಲ್ಲ. ಅವಳು ಹೊಲಿಗೆ ವಿಭಾಗದಲ್ಲಿ ಎಲ್ಲರಿಗಿಂತ ದೊಡ್ಡವಳು, ಎರಡು ಹೆತ್ತು ಒಂದನ್ನು ಕಳೆದುಕೊಂಡವಳು. "ಸಾರ್, ಆ ಹುಡುಗ ಹೇಳಿದ್ದೇ ಮಾಡಿ. ಬಟ್ಟೆ ನಾವು ನೋಡ್ಕೋತೀವಿ," ಎಂದು ಗಟ್ಟಿಯಾಗಿ ಹೇಳಿದಳು. ಅಲ್ಲಿಗೆ ನಗು ನಿಂತಿತು.

ಅಕ್ರಂ ಯಾಕೆ ಆ ಮಾತು ಹೇಳಿದ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಅಕ್ಕ ಹಮೀದಾ ಮೂರು ವರ್ಷದ ಹಿಂದೆ, ಡಿಸೆಂಬರ್ ಚಳಿಯಲ್ಲಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆ ಸಲೀಸಾಗಿ ಆಯಿತು, ಹೆಣ್ಣುಮಗು. ದೇವನಹಳ್ಳಿಯ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ತಾಯಿ ಬಶೀರುನ್ನೀಸಾ ಮಗಳಿಗೆ ಮಂಚ ಹಾಕಿದಳು. ಊರೆಲ್ಲ ಮಾಡುವ ಹಾಗೆ ಮಂಚದ ಕೆಳಗೆ ಇದ್ದಿಲ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಮೇಲೆ ಗೋಡೆಯಲ್ಲಿ ಒಂದೇ ಒಂದು ಗಾಳಿಕಿಂಡಿ ಇತ್ತು. ಎಂಟನೆಯ ದಿನ ಸಂಜೆ ಗಾಳಿ ಜೋರಾಯಿತು. "ನಿನ್ನ ಆಪಾಗೆ ಥಂಡಿ ಹೊಡೀತದೆ, ಆ ಕಿಂಡಿ ಮುಚ್ಚೋ," ಎಂದಳು ತಾಯಿ. ರಾಗಿಯ ಗುಡಾಣದ ಮೇಲೆ ಹತ್ತಿ, ತಂದೆಯ ಹರಿದ ಹುಡ್ಡಿನ ಕ್ಯಾನ್ವಾಸನ್ನು ಸುರುಳಿ ಸುತ್ತಿ ಕಿಂಡಿಗೆ ತುರುಕಿದವನು ಅಕ್ರಂ. ಒಂದು ಸಂದೂ ಉಳಿಯದ ಹಾಗೆ ತುರುಕಿದ. ಕೆಲಸದಲ್ಲಿ ಅವನು ಆಗಲೇ ಅಚ್ಚುಕಟ್ಟು.

ಬೆಳಗಿನ ಜಾವ ಮಗು ಅತ್ತಿತೆಂದು ತಾಯಿ ಅದನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಬಂದಳು. ಮಗಳು ನಿದ್ದೆ ಮಾಡಲಿ ಎಂದು ಬಾಗಿಲು ಹಾಕಿಕೊಂಡೇ ಬಂದಳು. ಬಿಸಿಲೇರಿದ ಮೇಲೆ ಗಂಜಿ ತೆಗೆದುಕೊಂಡು ಹೋದರೆ ಹಮೀದಾ ಏಳಲಿಲ್ಲ. ಮುಖ ಕೆಂಪಗೆ, ಜೀವಂತವಾಗಿದ್ದಾಗ ಎಂದೂ ಇಲ್ಲದಷ್ಟು ಕಳೆಯಾಗಿತ್ತು. ದವಾಖಾನೆಯ ಡಾಕ್ಟರು ಬಂದು ಮೇಲೆ ಕೆಳಗೆ ನೋಡಿದರು. "ಇದ್ದಿಲಿನ ವಿಷಗಾಳಿ. ಆ ಕಿಂಡಿ ಒಂದು ತೆರೆದಿದ್ರೆ ಬದುಕ್ತಿದ್ಲು," ಎಂದರು. ಕಿಂಡಿ ಮುಚ್ಚಿದವರು ಯಾರು ಎಂದು ಅವರು ಕೇಳಲಿಲ್ಲ. ಮನೆಯಲ್ಲೂ ಯಾರೂ ಯಾರನ್ನೂ ಕೇಳಲಿಲ್ಲ. ಹಮೀದಾಳ ಗಂಡ ಫೌಜಿನಿಂದ ರಜೆ ಹಾಕಿ ಬಂದು, ಗೋರಿಯ ಮುಂದೆ ನಿಂತು, ವರ್ಷದ ಮೇಲೆ ಬೇರೆ ನಿಕಾ ಮಾಡಿಕೊಂಡ. ಮಗು ಶಂಶುನ್ನೀಸಾ ಅಜ್ಜಿಯ ಸೊಂಟದ ಮೇಲೇ ಬೆಳೆಯಿತು.

ಆ ಮೂರು ವರ್ಷಗಳಲ್ಲಿ ಅಕ್ರಂ ತನ್ನೊಳಗೆ ಒಂದು ಲೆಕ್ಕ ಕಟ್ಟಿಕೊಂಡಿದ್ದ. ಮುಚ್ಚು ಅಂದವಳು ತಾಯಿ. ತಾನು ಹೇಳಿದ್ದು ಮಾಡಿದ ಹುಡುಗ. ಮೊದಮೊದಲು ಅದು ಅವನನ್ನು ನಿಲ್ಲಿಸುವ ಊರುಗೋಲಾಗಿತ್ತು. ಆಮೇಲೆ ಅದೇ ಕೋಪವಾಯಿತು. ದೊಡ್ಡಬಳ್ಳಾಪುರಕ್ಕೆ ಓದಲು ಬಂದು ಸೋದರಮಾವ ವಜೀರ್ ಸಾಹೇಬರ ಮನೆಯಲ್ಲಿ ಉಳಿದುಕೊಂಡ ಮೇಲೆ, ಊರಿಗೆ ಹೋಗುವುದನ್ನು ಕಡಿಮೆ ಮಾಡಿದ. ಹೋದರೂ ತಾಯಿಯ ಮುಖ ನೋಡದೆ ಊಟ ಮಾಡಿ ಎದ್ದು ಬರುತ್ತಿದ್ದ.

ನಕ್ಷೆಯ ಷೆಡ್ಡಿನ ತೆರೆದ ಹಿಂಬದಿಯಲ್ಲಿ ಕೋಣೆಯ ಕೆಲಸ ಶುರುವಾಯಿತು. ಸಿಮೆಂಟಿಲ್ಲದಿದ್ದರೇನು, ಕೆರೆಯಲ್ಲಿ ಜೇಡಿಯಿತ್ತು. ಹುಡುಗರು ಹಸಿ ಇಟ್ಟಿಗೆ ತಟ್ಟಿದರು. ಸೊಂಟದ ಎತ್ತರಕ್ಕೆ ಇಟ್ಟಿಗೆ, ಅದರ ಮೇಲೆ ಬಿದಿರು ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ಅಕ್ರಂ ಇಟ್ಟ ಉಪಾಯ ಎರಡು. ಒಂದು, ಸೂರಿನ ಕೆಳಗೆ ಎದುರುಬದುರು ಎರಡು ಕಿಂಡಿ. ಒಂದರಿಂದ ಬಂದ ಗಾಳಿ ಮಲಗಿದವಳ ತಲೆಯ ಮೇಲಿಂದ ಹಾದು ಇನ್ನೊಂದರಿಂದ ಹೊರಗೆ ಹೋಗಬೇಕು, ಮಂಚಕ್ಕೆ ಬಡಿಯಬಾರದು. ಇನ್ನೊಂದು, ಬೆಂಕಿಗೆ ಗೋಡೆಯ ಹೊರಮೈಯಲ್ಲಿ ಒಂದು ಗೂಡು. ಗೂಡಿನ ಬೆನ್ನಿಗೆ ತೆಳ್ಳನೆಯ ಕಲ್ಲುಚಪ್ಪಡಿ. ಕೆಂಡ ಹೊರಗೆ ಉರಿದು ಹೊಗೆ ಹೊರಗೇ ಹೋಗುತ್ತದೆ, ಚಪ್ಪಡಿ ಕಾದು ಒಳಗೆ ಬಿಸುಪು ಕೊಡುತ್ತದೆ. ಗೋಪಾಲಪ್ಪ ಚಪ್ಪಡಿಯ ಮೇಲೆ ಅಂಗೈಯಿಟ್ಟು ನೋಡಿದರು. "ಈ ಬುದ್ಧಿ ನಿನಗೆ ಯಾವ ಪುಸ್ತಕ ಕಲಿಸ್ತಯ್ಯಾ?" ಎಂದರು. ಅಕ್ರಂ ಗೂಡಿನ ಸಂದಿಗೆ ಮಣ್ಣು ಮೆತ್ತತೊಡಗಿದ.

ಮುನಿಸ್ವಾಮಿ ಮಾವಿನ ಹಲಗೆಯಲ್ಲಿ ಬೆನ್ನೊರಗಿಸುವ ಮಂಚ ಮಾಡಿದ. ಪಕ್ಕಕ್ಕೇ ಕೈಗೆಟಕುವ ಹಾಗೆ ತೊಟ್ಟಿಲ ಕೊಂಡಿ. ಮುನಿರತ್ನಮ್ಮ ಮಗ್ಗದವರ ಮನೆಮನೆ ತಿರುಗಿ ತುಂಡು ಬಟ್ಟೆ ಬೇಡಿ ತಂದಳು. ಹಾಲೂಡಿಸಲು ಮುಂದೆ ತೆರೆಯುವ ರವಿಕೆ ಹೊಲಿದಳು. ಕಿವಿ ಮುಚ್ಚುವ ತಲೆಕಟ್ಟು, ಮಗುವಿಗೆ ಗುಂಡಿಯಿಲ್ಲದ ಅಂಗಿ ಹೊಲಿದಳು. "ಕಿವಿಗೆ ಹತ್ತಿ ಇಡೋದ್ನ, ತಲೆ ಕಟ್ಟೋದ್ನ ನಾನು ಬಿಡಲ್ಲ," ಎಂದು ಮೊದಲೇ ಹೇಳಿಬಿಟ್ಟಳು. "ಅಜ್ಜಿದೀರು ಹೇಳಿದ್ದನ್ನೆಲ್ಲಾ ಕಿತ್ತಾಕಿದ್ರೆ ಒಬ್ಬಳೂ ಈ ಕೋಣೆಗೆ ಬರಲ್ಲ."

ಪ್ರದರ್ಶನಕ್ಕೆ ನಾಲ್ಕು ದಿನವಿದ್ದಾಗ ಗೋಪಾಲಪ್ಪ ಇನ್ನೊಂದು ಮಾತು ಹೇಳಿದರು. "ಹೊಸದು ಹೊಸದು ಅಂತ ಗೊತ್ತಾಗಬೇಕಾದ್ರೆ ಪಕ್ಕದಲ್ಲಿ ಹಳೇದು ಇರಬೇಕು. ಈಗಿರೋ ಅಂಥ ಒಂದು ಕೋಣೆನೂ ಕಟ್ಟಿ."

ಆ ಎರಡನೆಯ ಕೋಣೆಯನ್ನು ಅಕ್ರಂ ನಕ್ಷೆಯಿಲ್ಲದೆ ಕಟ್ಟಿದ. ಅಳತೆಕೋಲು ಕೂಡ ಹಿಡಿಯಲಿಲ್ಲ. ಒಂಬತ್ತಡಿ ಉದ್ದ, ಏಳಡಿ ಅಗಲ, ಬಗ್ಗಿ ದಾಟುವ ಬಾಗಿಲು, ಎಡಗೋಡೆಯಲ್ಲಿ ಮಸಿ ಹಿಡಿದ ದೀಪದ ಗೂಡು, ಮೂಲೆಯಲ್ಲಿ ಗುಡಾಣ, ನಡುವೆ ಮಂಚ, ಅದರ ಕೆಳಗೆ ಅಗ್ಗಿಷ್ಟಿಕೆ. ಅಕ್ಷರ ವಿಭಾಗದ ಗಂಗಣ್ಣ ಕುಂಚ ಹಿಡಿದು ನೋಡುತ್ತ ನಿಂತಿದ್ದ. ಅವನೂ ಅಕ್ರಂನೂ ಒಂದೇ ತಟ್ಟೆಯಲ್ಲಿ ತಿಂದವರು.

"ಲೇ, ಇದು ಯಾರ್ದೋ ಮನೆ ಕಣೋ," ಎಂದ ಗಂಗಣ್ಣ. "ಎಲ್ಲಾ ಮನೆ ಅಲ್ಲ. ಯಾರ್ದೋ ಒಬ್ಬರ ಮನೆ."

"ನಿನ್ ಕೆಲಸ ನೀನು ಮಾಡು."

ಮೇಲೆ ಕಿಂಡಿ ಇಟ್ಟದ್ದಾಯಿತು. ಚೀಲ ಹೊಲಿಯಲು ಬೇಕೆಂದು ಸುಳ್ಳು ಹೇಳಿ ತಂದೆಯಿಂದ ತರಿಸಿಕೊಂಡಿದ್ದ ಹಳೆಯ ಹುಡ್ಡಿನ ಕ್ಯಾನ್ವಾಸನ್ನು ಅಕ್ರಂ ಸುರುಳಿ ಸುತ್ತಿದ. ಗುಡಾಣದ ಮೇಲೆ ಹತ್ತಿ ಅದನ್ನು ಕಿಂಡಿಗೆ ತುರುಕಿದ. ಒಂದು ಸಂದೂ ಉಳಿಯದ ಹಾಗೆ ಒತ್ತಿ ಕೆಳಗಿಳಿದ. ಗಂಗಣ್ಣ, "ಬೋರ್ಡಿನ ಮೇಲೆ ಏನು ಬರೀಲಿ?" ಎಂದು ಕೇಳಿದ.

"'ಇಂಥ ಕೋಣೆಯಲ್ಲಿ ಒಬ್ಬ ಬಾಣಂತಿ ಸತ್ತಳು' ಅಂತ ಬರಿ."

ಗಂಗಣ್ಣ ಬರೆದ. ಕಪ್ಪು ಹಲಗೆಯ ಮೇಲೆ ಬಿಳಿಯ ದಪ್ಪಕ್ಷರ. ಕಣ್ಣು ಮಂಜಾದವರಿಗೂ ಬಾಗಿಲಿಂದಲೇ ಕಾಣುತ್ತಿತ್ತು.

ಮೊದಲ ಎರಡು ದಿನ ಗಂಡಸರು ಬಂದರು. ಅಮಲ್ದಾರರು ಬಂದು ಗೂಡಿನ ಚಪ್ಪಡಿ ಮುಟ್ಟಿ ನೋಡಿ, ಹಾರ ಹಾಕಿಸಿಕೊಂಡು, ನಾಲ್ಕು ಒಳ್ಳೆಯ ಮಾತಾಡಿ ಹೋದರು. ನೇಕಾರರು, ರೈತರು, ಸಂತೆಗೆ ಬಂದವರು ಹಳೆಯ ಕೋಣೆಯೊಳಗೆ ಬಗ್ಗಿ ಹೊಕ್ಕು, ಸುತ್ತ ಗೋಡೆ ಮುಟ್ಟಿ ನೋಡಿ ಹೊರಗೆ ಬರುತ್ತಿದ್ದರು. ಹಲವರು ತಮ್ಮ ಮನೆಯ ಆ ಕೋಣೆಯನ್ನು ಹುಟ್ಟಿದ ಮೇಲೆ ಮತ್ತೆ ಒಳಗಿನಿಂದ ಕಂಡವರೇ ಅಲ್ಲ.

ಮೂರನೆಯ ದಿನ ಹೆಂಗಸರಿಗೆ ಮಾತ್ರ. ಬಾಗಿಲಲ್ಲಿ ಮುನಿರತ್ನಮ್ಮ ನಿಂತಳು. ಹುಡುಗರು ಹೊಂಗೆ ಮರದಾಚೆ ಇರಬೇಕೆಂದು ಕಟ್ಟಪ್ಪಣೆಯಾಯಿತು. ಹನ್ನೊಂದು ಗಂಟೆಗೆ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ದೇವನಹಳ್ಳಿಯ ಬಸ್ಸು ಬಂತು. ಅದರಿಂದ ಇಳಿದು ಬಂದ ಗುಂಪಿನಲ್ಲಿ ಒಂದು ಕಪ್ಪು ಬುರ್ಖಾ, ಅದರ ಕೈ ಹಿಡಿದ ಮೂರು ವರ್ಷದ ಮಗು. ಎಡಗಾಲನ್ನು ಎಳೆದು ಹಾಕುವ ಆ ನಡಿಗೆಯನ್ನು ಅಕ್ರಂ ಅರ್ಧ ಫರ್ಲಾಂಗಿನಿಂದಲೇ ಗುರುತಿಸಿದ. ತಾಯಿಗೆ ಮಂಡಿ ನೋವು, ಎಷ್ಟೋ ವರ್ಷದ್ದು. ಅವಳು ಬರುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ. ಅವನು ಕರೆದೂ ಇರಲಿಲ್ಲ. "ನಿನ್ನ ಮಗ ಏನೋ ದೊಡ್ಡ ಕೋಣೆ ಕಟ್ಟಿದ್ದಾನಂತೆ," ಎಂದು ಯಾರೋ ಹೇಳಿದ್ದಷ್ಟೇ ಸಾಕಾಗಿತ್ತು ಅವಳಿಗೆ.

ಅಕ್ರಂ ಷೆಡ್ಡಿನ ಪಕ್ಕದ ಬಾಗಿಲಿಗೆ ಓಡಿದ. "ಅಕ್ಕಾ, ಆ ಬೋರ್ಡು ತೆಗೀರಿ. ಬೇಗ. ಅಮ್ಮಿ ಬಂದ್ಬಿಟ್ಲು."

"ಯಾಕೋ, ಏನಾಯ್ತು?"

ಅವನು ಎರಡೇ ಮಾತಲ್ಲಿ ಹೇಳಿದ. ಮೂರು ವರ್ಷದಲ್ಲಿ ಮೊದಲ ಸಲ, ಅದೂ ಹೊರಗಿನವರ ಮುಂದೆ. ಮುನಿರತ್ನಮ್ಮ ಅವನನ್ನು ನೋಡಿದಳು. "ಬೋರ್ಡು ತೆಗೆದ್ರೆ ಗೋಡೆ ತೆಗೆಯೋಕಾಗುತ್ತಾ? ತನ್ನ ಮನೆ ಕೋಣೆ ಗುರುತು ಸಿಗದೆ ಇರುತ್ತಾ ಆಕೆಗೆ?" ಎಂದಳು. ಅಷ್ಟರಲ್ಲಿ ಗುಂಪು ಒಳಗೆ ಬಂದಾಗಿತ್ತು. "ನೀನು ಹೋಗು," ಎಂದು ಬಾಗಿಲು ಎಳೆದುಕೊಂಡಳು.

ಅಕ್ರಂ ಹೋಗಲಿಲ್ಲ. ಷೆಡ್ಡಿನ ಹಿಂಭಾಗಕ್ಕೆ ಸುತ್ತಿ ಬಂದು ಹಳೆಯ ಕೋಣೆಯ ಗೋಡೆಗೆ ಬೆನ್ನು ಹಚ್ಚಿ ನಿಂತ. ಮಣ್ಣು ಮೆತ್ತಿದ ತಡಿಕೆ, ಒಳಗಿನ ಮಾತು ಒಂದೊಂದೂ ಕೇಳುತ್ತಿತ್ತು.

ಮೊದಲು ಕೇಳಿದ್ದು ಅಕ್ಕಯಮ್ಮನ ಗಂಟಲು. ಸುತ್ತ ಹತ್ತು ಹಳ್ಳಿಗೆ ಅವಳೇ ಸೂಲಗಿತ್ತಿ. ದೊಡ್ಡಬಳ್ಳಾಪುರದ ಅರ್ಧ ಜನ ಅವಳ ಕೈಯಿಂದಲೇ ಭೂಮಿಗೆ ಬಿದ್ದವರು. ಹೊಸ ಕೋಣೆಯಿಂದ ಹಳೆಯದಕ್ಕೆ ಬರುತ್ತಲೇ ಬೈಯುತ್ತಿದ್ದಳು. "ಈ ಹೈಕಳಿಗೆ ಏನ್ ಗೊತ್ತು? ಎರಡು ಕಿಂಡಿಯಂತೆ! ಬಾಣಂತಿಗೆ ಗಾಳಿ ಹೊಡೆದ್ರೆ ಸನ್ನಿ ಬಡಿಯುತ್ತೆ. ನಲವತ್ತು ವರ್ಷದಿಂದ ನಾನು ಮುಚ್ಚಿಸ್ತಾನೇ ಇವ್ನಿ. ಇದಕ್ಕೇನಾಗಿದೆ? ಬೆಚ್ಚಗಿದೆ, ನಮ್ಮನೆ ಇದ್ದಂಗೇ ಇದೆ."

"ಹೌದು ಕಣಮ್ಮ," ಎಂದು ಒಂದಿಬ್ಬರು ದನಿಗೂಡಿಸಿದರು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಬೋರ್ಡನ್ನು ಕೂಡಿಸಿ ಕೂಡಿಸಿ ಓದಿದಳು: "ಇಂಥ... ಕೋಣೆಯಲ್ಲಿ... ಒಬ್ಬ ಬಾಣಂತಿ... ಸತ್ತಳು."

ಆಮೇಲೆ ಮಗು ಅಜ್ಜಿಗೆ ಹೇಳಿದ್ದು, ದಖನಿಯಲ್ಲಿ: "ನಾನೀಮಾ, ಇದು ನಮ್ಮ ಮನೆ."

"ಹ್ಞೂಂ," ಎಂದಿತು ತಾಯಿಯ ದನಿ. "ನಮ್ಮ ಮನೆ."

ಅಕ್ರಂ ಕಣ್ಣು ಮುಚ್ಚಿದ. ಅವಳು ಅಳುತ್ತಾಳೆ, ಇಲ್ಲವೇ ಹೊರಗೆ ಓಡುತ್ತಾಳೆ ಎಂದು ಕಾದ. ಎರಡೂ ಆಗಲಿಲ್ಲ. ಬಶೀರುನ್ನೀಸಾ ಕನ್ನಡದಲ್ಲಿ, ಸಂತೆಯಲ್ಲಿ ಮಾತಾಡುವ ತನ್ನ ಒರಟು ಕನ್ನಡದಲ್ಲಿ, ಅಕ್ಕಯಮ್ಮನಿಗೆ ಹೇಳಿದಳು: "ಉಳೀಲಿಲ್ಲಮ್ಮಾ. ಮುಚ್ಚಿದ್ರೂ ಉಳೀಲಿಲ್ಲ. ಥಂಡಿಗೆ ಹೋಗ್ಲಿಲ್ಲ ನನ್ನ ಮಗಳು. ಬೆಚ್ಚಗೆ ಇದ್ಲು. ಗಂಜಿ ತಗೊಂಡು ಹೋದೆ, ಕೈ ಮುಟ್ಟಿದೆ, ಬೆಚ್ಚಗೇ ಇತ್ತು. ನಿದ್ದೆ ಅಂದ್ಕೊಂಡೆ. ಗಂಜಿ ಆರೋಗ್ತದೆ ಏಳೇ ಅಂತ ಎಷ್ಟು ಸಲ ಕೂಗಿದೆ ನಾನು."

"ಏನಾಗಿತ್ತಮ್ಮಾ?" ಎಂದಳು ಯಾರೋ.

"ಇದ್ದಿಲು. ಮಂಚದ ಕೆಳಗಿತ್ತಲ್ಲ, ಅದರ ವಿಷಗಾಳಿ. ಕಣ್ಣಿಗೆ ಕಾಣಲ್ಲ, ಮೂಗಿಗೆ ಬರಲ್ಲ. ಆಚೆ ಹೋಗೋಕೆ ದಾರಿ ಇರ್ಲಿಲ್ಲ ಅದಕ್ಕೆ."

"ಕಿಂಡಿ ಯಾರು ಮುಚ್ಚಿದ್ರು?" ಈ ಸಲ ಕೇಳಿದವಳು ಅಕ್ಕಯಮ್ಮ. ದನಿ ಇಳಿದಿತ್ತು.

"ನಾನೇ. ಆ ಗುಡಾಣ ಇದೆಯಲ್ಲ, ಅದರ ಮೇಲೆ ಹತ್ತಿ ನನ್ನ ಕೈಯಾರೆ ತುರುಕಿದೆ."

ಗೋಡೆಯ ಹೊರಗೆ ಅಕ್ರಂ ಅದನ್ನು ಕೇಳಿಸಿಕೊಂಡ. ಮಂಡಿ ಮಡಿಸಿ ಕೆಳಗೆ ಕೂರಲೂ ಆಗದ ಹೆಂಗಸು ಗುಡಾಣದ ಮೇಲೆ ಹತ್ತುವುದೆಂದರೇನು! ಕೇಳಿದವರಿಗೆ ಅದು ಗೊತ್ತಾಗುವ ಹಾಗಿರಲಿಲ್ಲ, ಅವನೊಬ್ಬನಿಗೆ ಗೊತ್ತಿತ್ತು. ಮೂರು ವರ್ಷ ಅವನು ಕೂಡಿಸಿ ಕಳೆದು ಅವಳ ತಲೆಗೆ ಕಟ್ಟಿದ್ದ ಭಾರವನ್ನು ಅವಳು ಮೊದಲೇ ಹೊತ್ತುಕೊಂಡಿದ್ದಳು, ಅವನ ಪಾಲನ್ನೂ ಸೇರಿಸಿ. ಕೋಪ ಇದ್ದ ಜಾಗದಲ್ಲಿ ಈಗ ಏನೂ ಇರಲಿಲ್ಲ. ಅವನು ಗೋಡೆಗೆ ಜಾರಿ ಕುಳಿತು, ಬಾಯಿಗೆ ತೋಳು ಒತ್ತಿಕೊಂಡು ಅತ್ತ. ಹಮೀದಾ ಸತ್ತ ದಿನವೂ ಅವನು ಅತ್ತಿರಲಿಲ್ಲ.

ಹೆಂಗಸರು ಹೊರಗೆ ಬಂದ ಮೇಲೆ ಹೊಂಗೆ ಮರದ ಕಟ್ಟೆಯ ಮೇಲೆ ತಾಯಿ ಕುಳಿತಿದ್ದಳು. ಮುಖದ ಮೇಲಿನ ಬಟ್ಟೆ ಎತ್ತಿದ್ದಳು. ಅಕ್ರಂ ಹೋಗಿ ಎದುರಿಗೆ ನಿಂತ. ಶಂಶು ಅವನ ಕಾಲು ತಬ್ಬಿಕೊಂಡಳು.

"ಅಮ್ಮಿ, ಸುಳ್ಳು ಯಾಕೆ ಹೇಳಿದೆ?" ಎಂದ ತಮ್ಮ ದಖನಿಯಲ್ಲಿ.

"ಗೋಡೆ ಹಿಂದೆ ನಿಂತಿದ್ಯಾ?" ಅವಳು ಅವನ ಕಣ್ಣು ನೋಡಿ ತಿಳಿದುಕೊಂಡಳು. "ಸುಳ್ಳೇನು ಅದರಲ್ಲಿ? ಮುಚ್ಚು ಅಂದಿದ್ದು ನನ್ನ ಬಾಯಿ. ನಿನ್ನ ಕೈ ನನ್ನ ಕೈಯೇ ತಾನೇ ಆವಾಗ. ಹದಿನೇಳು ವರ್ಷ ನಿಂಗೆ."

"ನಾನು ನಿನ್ನನ್ನ ಬೈಕೊಂಡೇ ಇದನ್ನ ಕಟ್ಟಿದ್ದು, ಅಮ್ಮಿ."

"ಗೊತ್ತು." ಅವಳು ಮಂಡಿ ನೀವಿಕೊಂಡಳು. "ಕಟ್ಟೋಕೆ ಮುಂಚೆ ಒಂದು ಮಾತು ನನ್ನ ಕೇಳ್ಬೇಕಾಗಿತ್ತು ನೀನು. ನಿನ್ನ ಅಕ್ಕ ಮಾತ್ರ ಅಲ್ಲ ಅವಳು. ಕೇಳಿದ್ರೆ ಬೇಡ ಅಂತಿದ್ದೆ. ಈಗ ಒಳಗೆ ಹೋಗಿ ಬಂದ ಮೇಲೆ ಬೇಡ ಅನ್ನಲ್ಲ. ಆ ಮುದುಕಿ ಕೇಳಿಸ್ಕೊಂಡ್ಲು, ಕಂಡ್ಯಾ? ಮಾತು ನಿಂತೋಯ್ತು ಅವಳಿಗೆ."

"ಬೋರ್ಡು ತೆಗೆಸಿಬಿಡ್ತೀನಿ."

"ಯಾಕೆ ತೆಗೆಸ್ತೀಯ?" ಅವಳ ದನಿ ಏರಿತು. "'ಒಬ್ಬ ಬಾಣಂತಿ' ಅಂತ ಬರೆಸಿದ್ದೀಯಲ್ಲ, ಅದನ್ನ ಸರಿ ಮಾಡು. ಯಾವಳೋ ಒಬ್ಬಳು ಅನ್ನೋ ಹಾಗೆ. ಅವಳಿಗೆ ಹೆಸರಿಲ್ವಾ? ಇಪ್ಪತ್ತೊಂದು ವರ್ಷ ನಾನು ಕೂಗಿದ ಹೆಸರು. ಹೆಸರು ಹಾಕ್ಸು."

ಮನೆಯ ಹೆಣ್ಣಿನ ಹೆಸರನ್ನು ಬೀದಿಯ ಹಲಗೆಯ ಮೇಲೆ ಬರೆಯುವವರು ಅವರಲ್ಲಿ ಯಾರೂ ಇರಲಿಲ್ಲ. ಅಬ್ಬಾ ಏನೆನ್ನುತ್ತಾರೆ ಎಂದು ಅಕ್ರಂ ಕೇಳಿದ. "ಏನಾದ್ರೂ ಅಂದ್ರೆ ನಾನು ಕೇಳಿಸ್ಕೋತೀನಿ," ಎಂದು ತಾಯಿ ಎದ್ದಳು.

ಮಧ್ಯಾಹ್ನವೇ ಗಂಗಣ್ಣ ಹಲಗೆ ಇಳಿಸಿ ಹೊಸದಾಗಿ ಬರೆದ: "ಇಂಥ ಕೋಣೆಯಲ್ಲಿ ಹಮೀದಾ ಎಂಬವಳು ಸತ್ತಳು. ಎಂಟು ದಿನದ ಬಾಣಂತಿ. ವಯಸ್ಸು ಇಪ್ಪತ್ತೊಂದು." ಅದರ ಕೆಳಗೆ ಅಕ್ರಂ ತಾನೇ ಉರ್ದು ಅಕ್ಷರದಲ್ಲಿ ಅಕ್ಕನ ಹೆಸರು ಬರೆದ. ಬರೆದು ಮುಗಿಸಿ ಕುಂಚ ಕೊಡಲಿಲ್ಲ. "ಇನ್ನೊಂದು ಸಾಲಿದೆ," ಎಂದ. ಗಂಗಣ್ಣನ ದಪ್ಪಕ್ಷರದ ಪಕ್ಕದಲ್ಲಿ ಸೊಟ್ಟಗೆ, ಆದರೆ ಓದಲು ಬರುವ ಹಾಗೆ ಬರೆದ: "ಕಿಂಡಿ ಮುಚ್ಚಿದವನು ಅವಳ ತಮ್ಮ, ಈ ಕೋಣೆ ಕಟ್ಟಿದವನು. ಗೊತ್ತಿಲ್ಲದೆ ಮುಚ್ಚಿದೆ." ಗಂಗಣ್ಣ ಓದಿ ಅವನ ಹೆಗಲ ಮೇಲೆ ಕೈಯಿಟ್ಟ.

ಕೊನೆಯ ದಿನ ಇಸ್ಹಾಕ್ ಸಾಹೇಬರು ಬಂದರು. ಹೆಸರಿನ ಸುದ್ದಿ ದೇವನಹಳ್ಳಿ ಮುಟ್ಟಿತ್ತು. ಅವರು ಬೈಯಲೆಂದೇ ಬಂದಿದ್ದರು. ಟೋಪಿ ಸರಿಮಾಡಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಬೋರ್ಡಿನ ಮುಂದೆ ನಿಂತರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಉರ್ದುವಿನ ಆ ಒಂದು ಹೆಸರನ್ನು ಓದಿದರು. ಓದಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಮಗ ಹತ್ತಿರ ಬಂದು, ಕೆಳಗಿನ ಕನ್ನಡ ಸಾಲನ್ನು ತಗ್ಗಿದ ದನಿಯಲ್ಲಿ ಅವರಿಗೆ ಓದಿ ಹೇಳಿದ. ಅವರು ಬಗ್ಗಿ ಒಳಗೆ ಹೋದರು. ತಲೆಯೆತ್ತಿ ಕಿಂಡಿ ನೋಡಿದರು. ತಮ್ಮ ಹೊಲಿಗೆಯ ಕ್ಯಾನ್ವಾಸಿನ ಅಂಚು ಅವರಿಗೆ ಗುರುತು ಹತ್ತದೇ ಇರುತ್ತದೆಯೇ? ಎತ್ತರದ ಆಳು, ಗುಡಾಣ ಬೇಕಾಗಲಿಲ್ಲ. ಕೈಚಾಚಿ ಆ ಸುರುಳಿಯನ್ನು ಎಳೆದು ತೆಗೆದರು. ಎಳೆದ ರಭಸಕ್ಕೆ ಹಿಡಿ ಮಣ್ಣು ಅವರ ಗಡ್ಡದ ಮೇಲೆ ಉದುರಿತು. ಕ್ಯಾನ್ವಾಸನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದು, "ಇದನ್ನ ನಾನು ತಗೊಂಡು ಹೋಗ್ತೀನಿ," ಎಂದರು ಗೋಪಾಲಪ್ಪನವರಿಗೆ. ಗೋಪಾಲಪ್ಪ ಕೈಮುಗಿದರು. ಹೋಗುವ ಮುಂಚೆ ಇಸ್ಹಾಕ್ ಸಾಹೇಬರು ಮಗನ ಕೊರಳಿಗೆ ಕೈಹಾಕಿ ಹತ್ತಿರಕ್ಕೆ ಎಳೆದುಕೊಂಡು ಬಿಟ್ಟರು. ಬೈಗುಳ ಬಾಯಲ್ಲೇ ಉಳಿಯಿತು.

ಪ್ರದರ್ಶನ ಮುಗಿದ ಮೂರನೆಯ ದಿನ ಹುಡುಗರು ಕೋಣೆಗಳನ್ನು ಕೆಡವುತ್ತಿದ್ದಾಗ ಅಕ್ಕಯಮ್ಮ ಒಬ್ಬಳೇ ಬಂದಳು. ಯಾರನ್ನೂ ಮಾತಾಡಿಸದೆ ಹೊಸ ಕೋಣೆಯ ಹಿಂದಕ್ಕೆ ಹೋಗಿ, ಗೂಡಿನೊಳಗೆ ಕೈಯಿಟ್ಟಳು. ಚಪ್ಪಡಿ ತಟ್ಟಿದಳು. ಒಳಗೆ ಹೋಗಿ ಅದರ ಇನ್ನೊಂದು ಮೈ ತಟ್ಟಿದಳು.

"ಏ ಸಾಬರ ಹುಡುಗಾ, ಇದನ್ನ ಕಟ್ಟೋಕೆ ಎಷ್ಟು ದಿನ?"

"ಒಂದೇ ದಿನ, ಅಕ್ಕಯಮ್ಮ. ಮಣ್ಣು ಒಣಗೋಕೆ ನಾಲ್ಕು ದಿನ."

"ದೇವನಹಳ್ಳಿ ಹತ್ತಿರದ ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿ. ನನ್ನ ತಂಗಿ ಸೊಸೆ ಲಕ್ಷ್ಮೀದೇವಮ್ಮ ಅಂತ, ಏಳು ತುಂಬಿದೆ. ನೀನು ಬಂದು ಕಟ್ಕೊಡು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನನ್ನ ಕೈಲಿ ಇಬ್ಬರು ಹಂಗೇ ಹೋಗವ್ರೆ ಕಣಪ್ಪ. ಬೆಚ್ಚಗೆ, ಕೆಂಪಗೆ, ನಿದ್ದೆ ಮಾಡ್ದಂಗೆ. ಗಾಳಿ ಸೋಕು ಅಂತ ಹೇಳ್ಬಿಟ್ಟಿದ್ದೆ ಅವರ ಮನೆಯೋರಿಗೆ. ನಾನೂ ಹಂಗೇ ಅಂದ್ಕೊಂಡಿದ್ದೆ."

ಅಕ್ರಂ ಕೆಡವುತ್ತಿದ್ದವರಿಗೆ ಕೂಗಿ ಹೇಳಿ, ಆ ಚಪ್ಪಡಿಯೊಂದನ್ನು ಒಡೆಯದೆ ಬಿಡಿಸಿಕೊಂಡ.

ಅವನೂ ಗಂಗಣ್ಣನೂ ಎತ್ತಿನ ಗಾಡಿಯಲ್ಲಿ ಚಪ್ಪಡಿ ಹೇರಿಕೊಂಡು ಹೋದರು. ಲಕ್ಷ್ಮೀದೇವಮ್ಮನ ಮಾವ ಅಪ್ಪಯ್ಯಣ್ಣ ಊರ ಗೌಡರ ಪೈಕಿ. ಮನೆಯ ಗೋಡೆಗೆ ಹಾರೆ ಹಾಕುವುದೆಂದರೆ ಅವರಿಗೆ ಮನಸ್ಸಿಲ್ಲ. "ಶಾಸ್ತ್ರ ಕೇಳ್ಬೇಕು," ಎಂದರು. "ನನ್ನ ಕೇಳಿದ್ದಾಯ್ತಲ್ಲ, ಸಾಕು," ಎಂದಳು ಅಕ್ಕಯಮ್ಮ. ಆ ಗೋಡೆ ಎರಡಡಿ ದಪ್ಪದ್ದು. ಒಂದು ದಿನದ ಕೆಲಸ ಮೂರು ದಿನ ಹಿಡಿಯಿತು. ಗಂಗಣ್ಣನ ಅಂಗೈ ಬೊಬ್ಬೆಯೆದ್ದು, ಇನ್ನು ಕುಂಚ ಹಿಡಿಯಲಾರೆ ಎಂದು ಗೋಳಾಡಿದ.

ಎಲ್ಲ ಕಡೆ ಹೀಗೆ ನಡೆಯಿತೆಂದೇನಲ್ಲ. ಆ ಬೇಸಿಗೆ ಮತ್ತು ಮಳೆಗಾಲದಲ್ಲಿ ಅಕ್ರಂ ಹನ್ನೊಂದು ಮನೆಗಳಲ್ಲಿ ಗೂಡು ಕಟ್ಟಿದ. ನೆಲಮಂಗಲದ ದಾರಿಯ ಒಂದು ಮನೆಯವರು, ಅವನು ಬೆನ್ನು ತಿರುಗಿಸಿದ ಕೂಡಲೇ ಕಿಂಡಿಗೆ ಗೋಣಿ ತುರುಕಿ ಕೆಂಡವನ್ನು ಮತ್ತೆ ಒಳಗೇ ಇಟ್ಟರು. ಸುದ್ದಿ ತಿಳಿದು ಅವನು ನಡೆದುಕೊಂಡೇ ಹೋಗಿ ಅವರ ಬಾಗಿಲಲ್ಲಿ ಕೂತ. ಮೊದಲು ಬೈದರು, ಆಮೇಲೆ ನೀರು ಕೊಟ್ಟರು, ಕತ್ತಲಾಗುವ ಮುಂಚೆ ಗೋಣಿ ತೆಗೆದರು. ಇನ್ನೊಂದು ಮನೆಯಲ್ಲಿ, ಎಲ್ಲ ಸರಿಯಿದ್ದೂ, ಬಾಣಂತಿ ಜ್ವರ ಬಂದು ಹೋದಳು. ಗೂಡಿನಿಂದಲೇ ಹಾಗಾಯಿತೆಂದು ಅವರು ಅದನ್ನು ಒಡೆದು ಹಾಕಿದರು. ಅಕ್ರಂ ಅವಳ ಮಣ್ಣಿಗೂ ಹೋಗಿ, ಊರವರಿಂದ ದೂರ ನಿಂತು ಬಂದ. ಬಂದು ದೇವನಹಳ್ಳಿಯಲ್ಲಿ ತಾಯಿಗೆ ಅದನ್ನೆಲ್ಲ ಹೇಳಿದ. ಅವಳು ಅವನಿಗೆ ಅನ್ನ ಬಡಿಸಿ, ಅವನು ತಿಂದು ಮುಗಿಸುವವರೆಗೂ ಎದುರಿಗೆ ಕುಳಿತಿದ್ದಳು. ಈಗೀಗ ಅವನು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ.

ಇದಕ್ಕೆಲ್ಲ ಮುಂಚೆ, ಯುಗಾದಿ ಕಳೆದು ಎರಡು ವಾರಕ್ಕೆ, ಮೊದಲ ಗೂಡಿನ ಮನೆಯ ಲಕ್ಷ್ಮೀದೇವಮ್ಮನಿಗೆ ಹೆರಿಗೆಯಾಗಿತ್ತು. ಸುದ್ದಿಯನ್ನು ಅಕ್ಕಯಮ್ಮ ಬಸ್ಸಿನ ಡ್ರೈವರನ ಬಾಯಲ್ಲಿ ಕಳಿಸಿದಳು. ಅಕ್ರಂ ಆಗ ದೇವನಹಳ್ಳಿಯ ಮನೆಯಲ್ಲೇ ಇದ್ದ. ಡ್ರೈವರು ಹೊಸ್ತಿಲಾಚೆ ನಿಂತು ಒಪ್ಪಿಸಿದ. ಗಂಡುಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೊಗೆ ಎಲ್ಲಾ ಹೊರಗೇ ಹೋಗುತ್ತೆ. "ಆದ್ರೆ ಬೆಂಕಿ ಆರಿದ ಮೇಲೆ ಗೂಡೊಳಗೆ ಬೆಕ್ಕು ಬಂದು ಮಲಗುತ್ತಂತೆ. ಬೂದಿ ಎಲ್ಲಾ ಅಂಗಳಕ್ಕೆ ಎಳೀತದಂತೆ. ಅದಕ್ಕೊಂದು ಬಾಗಿಲು ಮಾಡ್ಕೊಡ್ಬೇಕಂತೆ, ಬೇಗ ಬರಬೇಕಂತೆ."

ಒಳಗಿನಿಂದ ಕೇಳಿಸಿಕೊಂಡ ಬಶೀರುನ್ನೀಸಾ ನಕ್ಕಳು. ನಕ್ಕು, ತನಗೇ ಅಚ್ಚರಿಯಾದಂತೆ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಶಂಶುವಿಗೆ ಬೆಕ್ಕಿನ ಕಥೆ ಹೇಳುತ್ತ ಒಲೆಯ ಮುಂದೆ ಕೂತಳು. ಅಕ್ರಂ ಹಿತ್ತಲಿಗೆ ಹೋಗಿ ಒಂದು ಹಳೆಯ ಸೀಮೆಎಣ್ಣೆ ಡಬ್ಬ ಹುಡುಕಿ ತೆಗೆದು, ಅದರ ತಗಡನ್ನು ಕತ್ತರಿಸಲು ಕುಳಿತ. ಬೆಳಿಗ್ಗೆ ಚನ್ನರಾಯಪಟ್ಟಣದ ಕಡೆ ಹೋಗುವ ಗಾಡಿಯೊಂದಿತ್ತು.